ಮೂರು ಕೋಟಿ ಕಿಡಿಗಳು

ಬಿಡಿಭಾಗಗಳ ಅಂಗಡಿಯ ಗಾಜಿನ ಕಟ್ಟೆಯ ಮೇಲೆ ಎರಡು ಪುಟ್ಟ ಡಬ್ಬಿಗಳಿವೆ. ಎರಡರಲ್ಲೂ ಇರುವುದು ಸ್ಪಾರ್ಕ್ ಪ್ಲಗ್. ಒಂದು ಮಾಮೂಲಿ, ನಿಕಲ್ ತುದಿಯದು. ಇನ್ನೊಂದು ಇರಿಡಿಯಂ ತುದಿಯದು, ಬೆಲೆ ಮೊದಲನೆಯದರ ಹಲವು ಪಟ್ಟು. “ಇದನ್ನೇ ಹಾಕಿಸಿ ಸಾರ್, ಪಿಕಪ್ಪೂ ಬರುತ್ತೆ, ಮೈಲೇಜೂ ಬರುತ್ತೆ” ಎಂದು ಅಂಗಡಿಯವರು ದುಬಾರಿ ಡಬ್ಬಿಯನ್ನು ನಮ್ಮತ್ತ ಸರಿಸುತ್ತಾರೆ. ಹೊರಗೆ ನಿಂತಿರುವ ಬೈಕು ಮೂರು ದಿನದಿಂದ ಮಿಸ್ಸಿಂಗ್ ಹೊಡೆಯುತ್ತಿದೆ. ಆ ಮಾತು ನಿಜವಿರಲಿ ಎಂದೇ ನಮ್ಮ ಮನಸ್ಸೂ ಬಯಸುತ್ತದೆ.

ಅದು ನಿಜವೇ? ಉತ್ತರ ಹೇಳಬೇಕಾದರೆ ಬೆರಳುದ್ದದ ಈ ವಸ್ತು ಎಂಜಿನ್ನಿನ ಕತ್ತಲೆಯೊಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಕೂದಲೆಳೆಯಷ್ಟು ಮಿಂಚು

ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ಬಿಳಿ ಪಿಂಗಾಣಿ, ನಡುವೆ ಸ್ಪ್ಯಾನರ್ ಕೂರುವ ಆರು ಮೂಲೆಯ ಲೋಹದ ಪಟ್ಟಿ, ಕೆಳಗೆ ಮರೆ (ಥ್ರೆಡ್) ಸುತ್ತಿದ ಕೊಳವೆ. ತುದಿಯಲ್ಲಿ ಪಿಂಗಾಣಿಯ ನಡುವಿನಿಂದ ಇಣುಕುವ ಒಂದು ಕಡ್ಡಿ, ಅದರ ಮೇಲೆ ಕೊಕ್ಕಿನಂತೆ ಬಾಗಿದ ಇನ್ನೊಂದು ಲೋಹದ ಪಟ್ಟಿ. ಇವೆರಡರ ನಡುವೆ ಇರುವುದು ಬರೀ ಖಾಲಿ ಜಾಗ, ಅಂತರ ಸಾಮಾನ್ಯವಾಗಿ 0.6ರಿಂದ 1.1 ಮಿಲಿಮೀಟರ್. ನಮಗೆ ಬೇಕಾದ ಕೆಲಸವೆಲ್ಲ ನಡೆಯುವುದು ಈ ಖಾಲಿ ಜಾಗದಲ್ಲಿ.

ಗಾಳಿ ವಿದ್ಯುತ್ತಿಗೆ ಸುಲಭವಾಗಿ ದಾರಿ ಬಿಡುವುದಿಲ್ಲ. ನಮ್ಮ ಸುತ್ತಲಿನ ಒತ್ತಡದಲ್ಲೇ ಒಂದು ಮಿಲಿಮೀಟರ್ ಗಾಳಿಯನ್ನು ಸೀಳಲು ಸುಮಾರು 3,000 ವೋಲ್ಟ್ ಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಆ ಗಾಳಿಯನ್ನೂ ಪೆಟ್ರೋಲ್ ಆವಿಯನ್ನೂ ಸೇರಿಸಿ ಹಿಂಡಿರುತ್ತದೆ. ಹಿಂಡಿದಷ್ಟೂ ಅದನ್ನು ದಾಟುವುದು ಕಷ್ಟ. ಹಾಗಾಗಿ ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 10 ಸಾವಿರ, 20 ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚು ವೋಲ್ಟಿಗೆ ಏರಿಸುತ್ತದೆ. ಕಡ್ಡಿಯಿಂದ ಕೊಕ್ಕಿಗೆ ಒಂದು ಪುಟ್ಟ ಮಿಂಚು ಹಾರುತ್ತದೆ.

ವಿದ್ಯುತ್ ಕಿಡಿಯಿಂದ ಎಂಜಿನ್ ಓಡಿಸುವ ಯೋಚನೆ ಹಳೆಯದು. 1860ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಲೆನ್ವಾರ್ ತನ್ನ ಅನಿಲ ಎಂಜಿನ್ನಿಗೆ ಅದನ್ನೇ ಬಳಸಿದ್ದ. ಆದರೆ ವೇಗವಾಗಿ ತಿರುಗುವ ಎಂಜಿನ್ನಿಗೆ ನಂಬಿಕೆಯಿಂದ ಕಿಡಿ ಕೊಡುವ ವ್ಯವಸ್ಥೆ ಬಂದದ್ದು 1902ರಲ್ಲಿ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಗಾಟ್ಲಾಬ್ ಹೊನೊಲ್ಡ್ ಎಂಬ ಎಂಜಿನಿಯರ್ ಹೈ-ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಜೋಡಿಯಾದ ಪ್ಲಗ್ಗನ್ನು ರೂಪಿಸಿದ. ಅದೇ ಪರಂಪರೆ ಬೆಂಗಳೂರಿನ ಆಡುಗೋಡಿಗೂ ಬಂತು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಮೈಕೋ’, ಇಲ್ಲಿ ತಯಾರಿಸಿದ ಪ್ಲಗ್ಗುಗಳು ನಾಡಿನ ಗ್ಯಾರೇಜುಗಳಲ್ಲೆಲ್ಲ ಹರಡಿದವು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಕಾಲದಲ್ಲಿ ಪ್ಲಗ್ ಸ್ಪ್ಯಾನರ್ ಮತ್ತು ಒಂದು ಹೆಚ್ಚುವರಿ ಪ್ಲಗ್ ಜೊತೆಗಿಟ್ಟುಕೊಳ್ಳದೆ ದೂರ ಹೊರಡುವವರು ವಿರಳ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುತ್ತಿದ್ದುದರಿಂದ ಪ್ಲಗ್ಗಿಗೆ ಬೇಗ ಕಾರ್ಬನ್ ಹಿಡಿಯುತ್ತಿತ್ತು.

ಈಗ ಒಂದು ಲೆಕ್ಕ ಹಾಕೋಣ. ಫೋರ್-ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಂದು ಕಿಡಿ ಬೇಕು. ಬೈಕು ಸರಾಸರಿ ಗಂಟೆಗೆ 40 ಕಿ.ಮೀ. ಓಡುತ್ತದೆ, ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತದೆ ಎಂದುಕೊಂಡರೆ ನಿಮಿಷಕ್ಕೆ 2,000 ಕಿಡಿ. 10,000 ಕಿ.ಮೀ. ಓಡಲು 250 ಗಂಟೆ. ಅಷ್ಟರಲ್ಲಿ ಪ್ಲಗ್ ಹಾರಿಸಬೇಕಾದ ಕಿಡಿಗಳು 3 ಕೋಟಿ. ಹಲವು ಬೈಕುಗಳಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ, ಅಲ್ಲಿ ಈ ಲೆಕ್ಕ ಇಮ್ಮಡಿ. ಪ್ರತಿ ಕಿಡಿಯೂ ಲೋಹದ ಕಣವೊಂದನ್ನು ಕಿತ್ತುಕೊಂಡೇ ಹೋಗುತ್ತದೆ. ಪ್ಲಗ್ ಸವೆಯುವುದು ಹೀಗೆ.

ನಡುಕ ಎಲ್ಲಿಂದ ಬರುತ್ತದೆ

ಮಿಂಚು ಹಾರಿದ ತಕ್ಷಣ ಸಿಲಿಂಡರಿನ ಪೆಟ್ರೋಲೆಲ್ಲ ಭಗ್ಗೆಂದು ಹೊತ್ತಿಕೊಳ್ಳುವುದಿಲ್ಲ. ಮೊದಲು ಹುಟ್ಟುವುದು ಸಾಸಿವೆ ಕಾಳಿನಷ್ಟು ಬೆಂಕಿಯ ಉಂಡೆ. ಅದು ಬದುಕಿ ಬೆಳೆದರೆ ಜ್ವಾಲೆ ಹರಡುತ್ತದೆ, ಪಿಸ್ಟನ್ ಮೇಲೆ ಒತ್ತಡ ಬೀಳುತ್ತದೆ. 4,000 ಸುತ್ತಿನ ವೇಗದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲು ಕಳೆಯುವಷ್ಟರಲ್ಲಿ ಕ್ರ್ಯಾಂಕ್ 24 ಡಿಗ್ರಿ ತಿರುಗಿಬಿಡುತ್ತದೆ. ಅದಕ್ಕೇ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸುತ್ತಾರೆ. ಬೆಂಕಿಯ ಉಂಡೆ ಒಮ್ಮೆ ಚುರುಕಾಗಿ, ಒಮ್ಮೆ ನಿಧಾನವಾಗಿ ಬೆಳೆದರೆ ಒಂದು ಹೊಡೆತ ಜೋರು, ಮುಂದಿನದು ಸಪ್ಪೆ. ಸ್ಲೋ ಸ್ಪೀಡಿನಲ್ಲಿ ನಿಂತಾಗ ಹ್ಯಾಂಡಲ್ಲಿಗೆ ಬರುವ ನಡುಕದ ಒಂದು ಮೂಲ ಇದು. ಉಂಡೆ ಹುಟ್ಟಿದಲ್ಲೇ ಸತ್ತರೆ ಅದೇ ಮಿಸ್ಸಿಂಗ್.

ಮಿಸ್ಸಿಂಗಿನ ಬೆಲೆ ತಿಳಿಯಲು ದೊಡ್ಡ ಗಣಿತ ಬೇಡ. ಇಪ್ಪತ್ತು ಕಿಡಿಗೆ ಒಂದು ತಪ್ಪಿದರೂ ನಿಮಿಷಕ್ಕೆ ನೂರು ಸಲ ಉರಿಯದ ಪೆಟ್ರೋಲ್ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಲೀಟರಿಗೆ 50 ಕಿ.ಮೀ. ಕೊಡುತ್ತಿದ್ದ ಬೈಕಿಗೆ ಅದು ಎರಡೂವರೆ ಕಿ.ಮೀ. ನಷ್ಟ. ಫ್ಯುಯಲ್ ಇಂಜೆಕ್ಷನ್ ಇರುವ ವಾಹನಗಳಲ್ಲಿ ಇನ್ನೊಂದು ತೊಡಕೂ ಇದೆ. ಉರಿಯದೆ ಹೊರಬಂದ ಗಾಳಿಯಲ್ಲಿ ಆಮ್ಲಜನಕ ಹಾಗೇ ಉಳಿದಿರುತ್ತದೆ. ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಯಿತೆಂದು ತಿಳಿಯುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಆ ಹಸಿ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಅತಿಯಾಗಿ ಕಾಯಿಸಿ ಹಾಳುಮಾಡುತ್ತದೆ. ನೂರಿನ್ನೂರು ರೂಪಾಯಿಯ ಪ್ಲಗ್ ಬದಲಿಸದೆ ಸಾವಿರಾರು ರೂಪಾಯಿಯ ಭಾಗಕ್ಕೆ ಬೆಂಕಿ ಇಟ್ಟಂತೆ.

ಇದರಲ್ಲಿ ಈ ಅಧ್ಯಾಯದ ಮುಖ್ಯ ಮಾತು ಅಡಗಿದೆ. ಪ್ಲಗ್ ಎಂಜಿನ್ನಿಗೆ ಶಕ್ತಿ ತುಂಬುವುದಿಲ್ಲ, ಶಕ್ತಿ ಇರುವುದು ಪೆಟ್ರೋಲಿನಲ್ಲಿ. ಒಳ್ಳೆಯ ಪ್ಲಗ್ ಮೈಲೇಜನ್ನು ಕೊಡುವುದಿಲ್ಲ, ಸೋರಿಹೋಗದಂತೆ ಕಾಯುತ್ತದೆ. ಸವೆದ ಪ್ಲಗ್ ತೆಗೆದು ಹೊಸದು ಹಾಕಿದ ದಿನ ಬೈಕು ಹಗುರಾಗಿ ಓಡಿದಂತೆ ಅನ್ನಿಸುವುದು ನಿಜ. ಆದರೆ ಅದು ಕಳೆದುಕೊಂಡಿದ್ದು ವಾಪಸು ಬಂದದ್ದು, ಹೊಸದಾಗಿ ಗಳಿಸಿದ್ದಲ್ಲ.

ದೋಸೆ ಕಾವಲಿಯ ಹದ

ಪ್ಲಗ್ ಆರಿಸುವಾಗ ಹೆಚ್ಚು ಜನ ಎಡವುವುದು ಲೋಹದ ವಿಷಯದಲ್ಲಲ್ಲ, ಶಾಖದ ವಿಷಯದಲ್ಲಿ.

ದೋಸೆ ಹಾಕುವವರಿಗೆ ಕಾವಲಿಯ ಹದ ಗೊತ್ತು. ಕಾವು ಸಾಲದಿದ್ದರೆ ಹಿಟ್ಟು ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಸೀಯುತ್ತದೆ. ಪ್ಲಗ್ಗಿನ ಮೂತಿಗೂ ಇಂಥದ್ದೇ ಹದವಿದೆ. ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಮೇಲೆ ಕೂತ ಕಾರ್ಬನ್ ತಾನಾಗಿ ಉರಿದುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ. ಮಸಿ ವಿದ್ಯುತ್ ವಾಹಕವಾದ್ದರಿಂದ ಕರೆಂಟು ಅಂತರವನ್ನು ಹಾರುವ ಬದಲು ಪಿಂಗಾಣಿಯ ಮೇಲಿನ ಮಸಿಯಲ್ಲೇ ಹರಿದು ಇಳಿದುಹೋಗುತ್ತದೆ. ಕಿಡಿ ಇಲ್ಲ. ಇತ್ತ 850 ಡಿಗ್ರಿಗಿಂತ ಮೇಲೆ ಹೋದರೆ ಮೂತಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ತಗಲುತ್ತದೆ. ಹೊತ್ತಿಗೆ ಮುಂಚೆ ಹೊತ್ತುವ ಈ ಬೆಂಕಿ ಪಿಸ್ಟನ್ನಿಗೆ ತೂತು ಕೊರೆಯಬಲ್ಲದು.

ಈ ಹದವನ್ನು ನಿರ್ಧರಿಸುವುದು ಪಿಂಗಾಣಿ ಮೂತಿಯ ಉದ್ದ. ಮೂತಿಯ ಶಾಖ ಲೋಹದ ಕವಚಕ್ಕೆ, ಮರೆಯ ಮೂಲಕ ಸಿಲಿಂಡರ್ ಹೆಡ್ಡಿಗೆ ಇಳಿದುಹೋಗಬೇಕು. ಮೂತಿ ಉದ್ದವಾದರೆ ಶಾಖದ ದಾರಿಯೂ ಉದ್ದ, ಪ್ಲಗ್ ಬಿಸಿಯಾಗೇ ಇರುತ್ತದೆ. ಇದನ್ನು ‘ಹಾಟ್ ಪ್ಲಗ್’ ಎನ್ನುತ್ತಾರೆ. ಮೂತಿ ಗಿಡ್ಡವಾದರೆ ಶಾಖ ಬೇಗ ಇಳಿಯುತ್ತದೆ, ಅದು ‘ಕೋಲ್ಡ್ ಪ್ಲಗ್’. ಹೆಚ್ಚು ಶಾಖ ಹುಟ್ಟಿಸುವ ವೇಗದ ಎಂಜಿನ್ನಿಗೆ ಕೋಲ್ಡ್ ಪ್ಲಗ್ ಬೇಕು. ನಿಧಾನವಾಗಿ ಓಡುವ ಎಂಜಿನ್ನಿಗೆ ಅದನ್ನು ಹಾಕಿದರೆ ಮಸಿ ಕಟ್ಟಿ ನಿಲ್ಲುತ್ತದೆ. ರೇಸ್ ಬೈಕಿನ ಪ್ಲಗ್ ಹಾಕಿದರೆ ನಮ್ಮ ಬೈಕೂ ಚುರುಕಾಗುತ್ತದೆ ಎಂಬ ನಂಬಿಕೆ ತಲೆಕೆಳಗಾಗುವುದು ಇಲ್ಲೇ.

ಶಾಖದ ಅಂಕೆ ಪ್ಲಗ್ಗಿನ ಮೇಲೇ ಅಚ್ಚಾಗಿರುತ್ತದೆ. ಆದರೆ ಒಂದೊಂದು ಕಂಪನಿಯ ಭಾಷೆ ಒಂದೊಂದು. ಜಪಾನಿನ ಎನ್‌ಜಿಕೆ ಮತ್ತು ಡೆನ್ಸೋ ಪ್ಲಗ್ಗುಗಳಲ್ಲಿ ಅಂಕೆ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ. ಬಾಷ್ ಮತ್ತು ಚಾಂಪಿಯನ್‌ನ ಈಗಿನ ಪದ್ಧತಿಯಲ್ಲಿ ಅಂಕೆ ದೊಡ್ಡದಾದಷ್ಟೂ ಬಿಸಿ. ಹಳೆಯ ಮೈಕೋ ಪ್ಲಗ್ಗುಗಳ ಮೇಲಿದ್ದ 175, 225ರಂಥ ಬಾಷ್ ಅಂಕೆಗಳು ಮತ್ತೆ ಇದಕ್ಕೆ ವಿರುದ್ಧ, ಅಲ್ಲಿ ದೊಡ್ಡ ಅಂಕೆ ಎಂದರೆ ತಣ್ಣಗಿನ ಪ್ಲಗ್. ಹೀಗಾಗಿ ಒಂದು ಕಂಪನಿಯ 7ಕ್ಕೆ ಇನ್ನೊಂದರ 7 ಸಮ ಎಂದುಕೊಂಡು ಹಾಕುವುದು ಅಪಾಯ. ಕಂಪನಿ ಬದಲಿಸುವಾಗ ಆಯಾ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ವಾಹನದ ಹೆಸರನ್ನು ಹುಡುಕಿಯೇ ಕೊಳ್ಳಬೇಕು.

ಅಕ್ಷರಗಳನ್ನು ಓದುವುದು

ನಮ್ಮ ಬೈಕು, ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಎನ್‌ಜಿಕೆ ಪ್ಲಗ್ಗಿನ ಹೆಸರು ಸಿಪಿಆರ್8ಇಎ-9. ಇದು ಅರ್ಥವಿಲ್ಲದ ನಂಬರ್ ಅಲ್ಲ, ಪ್ಲಗ್ಗಿನ ಜಾತಕ. ಬಿಡಿಸಿ ಓದೋಣ.

‘ಸಿ’ ಎಂದರೆ ಮರೆಯ ವ್ಯಾಸ 10 ಮಿಲಿಮೀಟರ್, ಸ್ಪ್ಯಾನರ್ ಅಳತೆ 16 ಮಿಲಿಮೀಟರ್. ‘ಪಿ’ ಎಂದರೆ ಪಿಂಗಾಣಿ ಮೂತಿ ಕವಚದಿಂದ ಸ್ವಲ್ಪ ಹೊರಚಾಚಿದೆ, ಕಿಡಿ ಮಿಶ್ರಣದ ಒಳಕ್ಕೆ ಹುಟ್ಟುತ್ತದೆ. ‘ಆರ್’ ಎಂದರೆ ಒಳಗೆ ಸುಮಾರು 5,000 ಓಮ್‌ನ ರೆಸಿಸ್ಟರ್ ಇದೆ. 8 ಎಂಬುದು ಶಾಖದ ಅಂಕೆ. ‘ಇ’ ಎಂದರೆ ಮರೆಯ ಉದ್ದ 19 ಮಿಲಿಮೀಟರ್. ‘ಎ’ ಎಂಬುದು ವಿನ್ಯಾಸದ ಗುರುತು. ಕೊನೆಯ 9, ಕಿಡಿಯ ಅಂತರ 0.9 ಮಿಲಿಮೀಟರ್ ಎನ್ನುತ್ತದೆ.

ಇದರಲ್ಲಿ ಎರಡು ಅಕ್ಷರಗಳ ಬಳಿ ಸ್ವಲ್ಪ ನಿಲ್ಲಬೇಕು. ಮರೆಯ ಉದ್ದ ತಪ್ಪಿದರೆ ಅನಾಹುತ. ಹೆಚ್ಚು ಉದ್ದದ ಪ್ಲಗ್ ಪಿಸ್ಟನ್ನಿಗೆ ಬಡಿಯಬಹುದು. ಗಿಡ್ಡ ಪ್ಲಗ್ ಹಾಕಿದರೆ ಕಿಡಿ ಗುಂಡಿಯೊಳಗೆ ಹುಟ್ಟುತ್ತದೆ, ಖಾಲಿ ಉಳಿದ ಮರೆಗೆ ಕಾರ್ಬನ್ ತುಂಬಿ ಮುಂದೆ ಸರಿಯಾದ ಪ್ಲಗ್ಗೇ ಒಳಗೆ ಹೋಗದಂತಾಗುತ್ತದೆ.

ಇನ್ನೊಂದು, ರೆಸಿಸ್ಟರ್. ದೂರದರ್ಶನವೊಂದೇ ಇದ್ದ ಕಾಲದಲ್ಲಿ ಮನೆ ಮುಂದೆ ಸ್ಕೂಟರ್ ಹೋದರೆ ಟಿ.ವಿ. ಪರದೆಯ ಮೇಲೆ ಬಿಳಿ ಚುಕ್ಕೆಗಳ ಸಾಲು ಹಾಯುತ್ತಿದ್ದುದು, ರೇಡಿಯೊ ಕರಕರ ಅನ್ನುತ್ತಿದ್ದುದು ಹಲವರಿಗೆ ನೆನಪಿರಬಹುದು. ಕಿಡಿ ಹಾರಿದಾಗಲೆಲ್ಲ ರೇಡಿಯೊ ಅಲೆಗಳು ಹುಟ್ಟುತ್ತವೆ. ಹೈನ್ರಿಷ್ ಹರ್ಟ್ಸ್ 1880ರ ದಶಕದಲ್ಲಿ ರೇಡಿಯೊ ಅಲೆಗಳನ್ನು ಮೊದಲು ತೋರಿಸಿಕೊಟ್ಟದ್ದೇ ಕಿಡಿಯಿಂದ. ಪ್ಲಗ್ಗೊಳಗಿನ ರೆಸಿಸ್ಟರ್ ಆ ಅಲೆಗಳನ್ನು ತಗ್ಗಿಸುತ್ತದೆ. ಇಂದಿನ ವಾಹನದಲ್ಲಿ ಎಂಜಿನ್ನನ್ನು ನಡೆಸುವುದೇ ಕಂಪ್ಯೂಟರ್. ಅದರ ಪಕ್ಕದಲ್ಲಿ ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಆ ಗದ್ದಲ ಅದರ ಲೆಕ್ಕವನ್ನೇ ಕೆಡಿಸಬಹುದು.

ಇರಿಡಿಯಂ ಹೇಳುವುದೆಷ್ಟು, ಮಾಡುವುದೆಷ್ಟು

ಈಗ ಆ ದುಬಾರಿ ಡಬ್ಬಿಗೆ ಬರೋಣ. ನಿಕಲ್ ಕರಗುವುದು 1,455 ಡಿಗ್ರಿಯಲ್ಲಿ, ಪ್ಲಾಟಿನಂ 1,768ರಲ್ಲಿ, ಇರಿಡಿಯಂ ಸುಮಾರು 2,446ರಲ್ಲಿ. ಇರಿಡಿಯಂ ಭೂಮಿಯ ಹೊರಪದರದಲ್ಲಿ ಅತಿ ವಿರಳ. ಉಲ್ಕೆಗಳಲ್ಲಿ ಅದರ ಪ್ರಮಾಣ ಹೆಚ್ಚು. ಡೈನೋಸಾರ್‌ಗಳ ಅಳಿವಿಗೆ ಆಕಾಶದಿಂದ ಬಿದ್ದ ಬಂಡೆ ಕಾರಣವೆಂದು ಲೂಯಿಸ್ ಮತ್ತು ವಾಲ್ಟರ್ ಆಲ್ವಾರೆಜ್ ತಂದೆ-ಮಗ ತಮ್ಮ ಸಂಗಡಿಗರೊಂದಿಗೆ 1980ರಲ್ಲಿ ವಾದಿಸಿದ್ದು ಮಣ್ಣಿನ ತೆಳು ಪದರದಲ್ಲಿ ಸಿಕ್ಕ ಈ ಲೋಹದ ಆಧಾರದ ಮೇಲೆಯೇ. ಅದೇ ಲೋಹದ ಒಂದು ಚುಕ್ಕೆ ಪ್ಲಗ್ಗಿನ ತುದಿಯಲ್ಲಿ ಬೆಸೆದುಕೊಂಡಿರುತ್ತದೆ.

ಗಟ್ಟಿ ಲೋಹವಾದ್ದರಿಂದ ಕಡ್ಡಿಯನ್ನು ತೀರ ತೆಳ್ಳಗೆ ಮಾಡಬಹುದು. ಮಾಮೂಲಿ ನಿಕಲ್ ಕಡ್ಡಿ ಸುಮಾರು 2.5 ಮಿಲಿಮೀಟರ್ ದಪ್ಪ. ಇರಿಡಿಯಂ ತುದಿ 0.4ರಿಂದ 0.7 ಮಿಲಿಮೀಟರ್. ಇದರಿಂದ ಎರಡು ಲಾಭ. ವಿದ್ಯುತ್ ಕ್ಷೇತ್ರ ಚೂಪಾದ ತುದಿಯಲ್ಲಿ ದಟ್ಟವಾಗುತ್ತದೆ, ಕಿಡಿ ಕಡಿಮೆ ವೋಲ್ಟಿಗೇ ಹಾರುತ್ತದೆ. ಎರಡನೆಯದು ಬಚ್ಚಲ ಒಲೆ ಹೊತ್ತಿಸಿದವರಿಗೆ ಸುಲಭವಾಗಿ ತಿಳಿಯುತ್ತದೆ. ಈಗಷ್ಟೇ ಹತ್ತಿದ ಪುರಳೆಯ ಉರಿಯನ್ನು ದಪ್ಪ ಹಸಿ ಕೊರಡಿಗೆ ಒತ್ತಿ ಹಿಡಿದರೆ ಕೊರಡು ಶಾಖ ಹೀರಿ ಉರಿಯೇ ಆರಿಹೋಗುತ್ತದೆ. ಸಾಸಿವೆ ಗಾತ್ರದ ಬೆಂಕಿಯ ಉಂಡೆಗೂ ಪಕ್ಕದಲ್ಲಿರುವ ದಪ್ಪ ಲೋಹ ಹಾಗೆಯೇ. ತೆಳ್ಳನೆಯ ತುದಿ ಶಾಖವನ್ನು ಅಷ್ಟು ಹೀರುವುದಿಲ್ಲ, ಉಂಡೆ ಬೇಗ ಬೆಳೆಯುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ಸ್ಲೋ ಸ್ಪೀಡಿನಲ್ಲಿ, ಎಂಜಿನ್ ಕಡಿಮೆ ಪೆಟ್ರೋಲಿನ ಮಿಶ್ರಣದಲ್ಲಿ ಓಡುವಾಗ ಈ ಗುಣ ಕೆಲಸಕ್ಕೆ ಬರುತ್ತದೆ.

ಆದರೂ ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಹೊಸ ನಿಕಲ್ ಪ್ಲಗ್ ಕೂಡ ಕಿಡಿ ತಪ್ಪಿಸುವುದಿಲ್ಲ. ಮಿಶ್ರಣ ಪೂರ್ತಿ ಹೊತ್ತುತ್ತಿರುವಾಗ ಅದನ್ನು ಇನ್ನಷ್ಟು ಪೂರ್ತಿಯಾಗಿ ಹೊತ್ತಿಸಲು ಸಾಧ್ಯವಿಲ್ಲ. ಆದ್ದರಿಂದ ಒಳ್ಳೆಯ ನಿಕಲ್ ಪ್ಲಗ್ ತೆಗೆದು ಇರಿಡಿಯಂ ಹಾಕಿದರೆ ಮೈಲೇಜಿನಲ್ಲಿ ಎದ್ದು ಕಾಣುವ ಏರಿಕೆಯನ್ನು ನಿರೀಕ್ಷಿಸಬೇಡಿ. ಅದರ ನಿಜವಾದ ಗುಣ ಬಾಳಿಕೆ. ಕಾರುಗಳಲ್ಲಿ ನಿಕಲ್ ಪ್ಲಗ್ ಸಾಮಾನ್ಯವಾಗಿ 30ರಿಂದ 40 ಸಾವಿರ ಕಿ.ಮೀ. ಬಾಳಿದರೆ, ದೀರ್ಘ ಬಾಳಿಕೆಗೆಂದೇ ಮಾಡಿದ ಇರಿಡಿಯಂ ಮತ್ತು ಪ್ಲಾಟಿನಂ ಪ್ಲಗ್ಗುಗಳು ಒಂದು ಲಕ್ಷ ಕಿ.ಮೀ. ಹತ್ತಿರ ಹೋಗುತ್ತವೆ. ಪ್ಲಗ್ ತಲುಪಲು ಅರ್ಧ ಎಂಜಿನ್ ಬಿಚ್ಚಬೇಕಾದ ಕಾರಿಗೆ ಅದು ದೊಡ್ಡ ಉಳಿತಾಯ. ಐದು ನಿಮಿಷದಲ್ಲಿ ಪ್ಲಗ್ ಬಿಚ್ಚಬಹುದಾದ ಬೈಕಿಗೆ, ವಾಹನದ ಕೈಪಿಡಿಯಲ್ಲಿ ನಿಕಲ್ ಎಂದಿದ್ದರೆ, ನಿಕಲ್ ಸಾಕು. ಕೈಪಿಡಿಯಲ್ಲಿ ಇರಿಡಿಯಂ ಎಂದಿದ್ದರೆ ಮಾತ್ರ ಕಾಸು ಉಳಿಸಲು ನಿಕಲ್‌ಗೆ ಇಳಿಯಬೇಡಿ.

ಎರಡು, ಮೂರು, ನಾಲ್ಕು ಕೊಕ್ಕುಗಳಿರುವ ಪ್ಲಗ್ಗುಗಳೂ ಸಿಗುತ್ತವೆ. ಅಲ್ಲಿ ನಾಲ್ಕು ಕಿಡಿ ಒಟ್ಟಿಗೆ ಹಾರುವುದಿಲ್ಲ. ಪ್ರತಿ ಸಲ ಹಾರುವುದು ಒಂದೇ, ಯಾವ ದಾರಿ ಸುಲಭವೋ ಅದರಲ್ಲಿ. ಸವೆತ ಹಂಚಿಹೋಗಿ ಬಾಳಿಕೆ ಹೆಚ್ಚುತ್ತದೆ, ಅಷ್ಟೆ. ಹಲವು ಪಲ್ಸರುಗಳಂತೆ ಒಂದೇ ಸಿಲಿಂಡರಿಗೆ ಎರಡು ಪ್ಲಗ್ ಇರುವ ಬೈಕುಗಳ ಮಾತು ಬೇರೆ. ಅಲ್ಲಿ ಬೆಂಕಿ ಎರಡು ಕಡೆಯಿಂದ ಹೊತ್ತುತ್ತದೆ. ಒಂದು ಪ್ಲಗ್ ಸತ್ತರೂ ಬೈಕು ಓಡುತ್ತಲೇ ಇರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ಬದಲಿಸುವಾಗ ಎಲ್ಲ ಪ್ಲಗ್ಗುಗಳನ್ನೂ ಒಟ್ಟಿಗೆ ಬದಲಿಸಿ.

ಮೈಲೇಜ್ ಇಳಿದದ್ದಕ್ಕೆಲ್ಲ ಪ್ಲಗ್ಗನ್ನೇ ದೂರುವುದೂ ಸರಿಯಲ್ಲ. ಲೀಟರ್ ಲೆಕ್ಕದಲ್ಲಿ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಶೇ. 20 ಎಥನಾಲ್ ಬೆರೆತ ಇಂಧನದ ಒಂದು ಲೀಟರಿನಲ್ಲೇ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಟೈರಿನ ಗಾಳಿ, ಕಟ್ಟಿದ ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಎಳೆದ ಚೈನ್ ಇವನ್ನೂ ನೋಡಬೇಕು.

ಹಳೆಯ ಪ್ಲಗ್ ಹೇಳುವ ಕಥೆ

ಬಿಚ್ಚಿದ ಪ್ಲಗ್ಗನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಮೂತಿ ತೆಳು ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಎಲ್ಲ ಸರಿ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಪ್ಲಗ್ ಅತಿ ತಣ್ಣಗಿನದು. ಹೊಳೆಯುವ ಒದ್ದೆ ಕಪ್ಪು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಅತಿ ಶಾಖ. ಕಡ್ಡಿಯ ಅಂಚು ಬಳಪದಂತೆ ದುಂಡಗಾಗಿದ್ದರೆ ವಯಸ್ಸಾಗಿದೆ, ಅಷ್ಟೆ. ಹೊಸ ಪ್ಲಗ್ ಕೂಡ ವಾರದಲ್ಲೇ ಮಸಿ ಕಟ್ಟಿದರೆ ಕಾಯಿಲೆ ಪ್ಲಗ್ಗಿನದಲ್ಲ, ಎಂಜಿನ್ನಿನದು.

ಹಾಕುವಾಗಲೂ ಒಂದಿಷ್ಟು ಎಚ್ಚರ ಬೇಕು. ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಬಿಚ್ಚುವ ಮೊದಲು ಸುತ್ತಲಿನ ದೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೆ ಬೀಳುತ್ತದೆ. ಅಂತರವನ್ನು ಫೀಲರ್ ಗೇಜಿನಿಂದ ಅಳೆದು, ತಿದ್ದಬೇಕಾದರೆ ಕೊಕ್ಕನ್ನಷ್ಟೇ ಬಾಗಿಸಿ. ನಡುವಿನ ಕಡ್ಡಿಗೆ ಒತ್ತಡ ಬೀಳಬಾರದು. ಇರಿಡಿಯಂ ತುದಿಯನ್ನು ತಂತಿ ಬ್ರಷ್ಷಿನಿಂದಾಗಲಿ ಎಮರಿ ಪೇಪರಿನಿಂದಾಗಲಿ ಉಜ್ಜಲೇಬೇಡಿ. ಮೊದಲು ಕೈಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ. ಹೊಸ ವಾಷರ್ ಇರುವ ಪ್ಲಗ್ಗಿಗೆ ಆಮೇಲೆ ಸ್ಪ್ಯಾನರಿನಲ್ಲಿ ಸುಮಾರು ಅರ್ಧ ಸುತ್ತು ಸಾಕು. ಹೆಡ್ ಅಲ್ಯೂಮಿನಿಯಂನದು. ಬಲ ಹೆಚ್ಚಾದರೆ ಮರೆ ಕಿತ್ತುಬರುತ್ತದೆ. ನೆಲಕ್ಕೆ ಬಿದ್ದ ಪ್ಲಗ್ಗನ್ನು ಹಾಕಬೇಡಿ, ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣುವುದಿಲ್ಲ. ನಕಲಿ ಪ್ಲಗ್ಗುಗಳೂ ಮಾರುಕಟ್ಟೆಯಲ್ಲಿವೆ, ನಂಬಿಕೆಯ ಅಂಗಡಿಯಲ್ಲೇ ಕೊಂಡು ರಸೀದಿ ಪಡೆಯಿರಿ.

ಇನ್ನು ಆ ಗಾಜಿನ ಕಟ್ಟೆಯ ಮುಂದೆ ನಿಂತಾಗ ಯಾವ ಡಬ್ಬಿ ಎತ್ತಬೇಕು? ವಾಹನದ ಜೊತೆ ಬಂದ ಕೈಪಿಡಿಯಲ್ಲಿ ಬರೆದಿರುವ ನಂಬರಿನದು. ಎಂಜಿನ್ ರೂಪಿಸಿದವರು ಶಾಖ, ಉದ್ದ, ಅಂತರ ಎಲ್ಲವನ್ನೂ ಪರೀಕ್ಷಿಸಿ ಆರಿಸಿದ ಪ್ಲಗ್ ಅದು. ಇವತ್ತೇ ಕೈಪಿಡಿ ತೆರೆದು ಆ ನಂಬರನ್ನೂ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದನ್ನೂ ಒಂದು ಚೀಟಿಯಲ್ಲಿ ಬರೆದು ವಾಹನದ ಕಾಗದಪತ್ರದ ಜೊತೆ ಇಡಿ. ಮುಂದಿನ ಸರ್ವೀಸಿನಲ್ಲಿ ಹಳೆಯ ಪ್ಲಗ್ಗನ್ನು ಕೇಳಿ ಪಡೆದು ನೋಡಿ. ಸರಿಯಾದ ಪ್ಲಗ್ಗನ್ನು ಸರಿಯಾದ ಹೊತ್ತಿಗೆ ಬದಲಿಸಿದರೆ, ಎಂಜಿನ್ನಿನಲ್ಲಿ ಬೇರೆ ದೋಷವಿಲ್ಲದಿದ್ದರೆ, ಮೂರು ಕೋಟಿ ಕಿಡಿಗಳಲ್ಲಿ ಒಂದೂ ವ್ಯರ್ಥವಾಗಬೇಕಿಲ್ಲ.